ಸ್ಕೂಟರ್ ಪೆಟ್ರೋಲ್ ಟ್ಯಾಂಕಿನ ವೆಂಟ್ ಪೈಪು: ಎಲ್ಲಿಂದ ಹೊರಟು ಎಲ್ಲಿ ಮುಗಿಯಬೇಕು?

ಪೆಟ್ರೋಲ್ ಟ್ಯಾಂಕಿನೊಳಕ್ಕೆ ಗಾಳಿ ಬರಲು, ಟ್ಯಾಂಕಿನಲ್ಲಿ ಹುಟ್ಟುವ ಆವಿ ಹೊರಹೋಗಲು ಇರುವ ಸಣ್ಣ ರಬ್ಬರ್ ಕೊಳವೆಯೇ ವೆಂಟ್ ಪೈಪು. ಗ್ಯಾರೇಜುಗಳಲ್ಲಿ ಇದು ಏರ್ ಪೈಪು, ಬ್ರೀದರ್ ಪೈಪು. ಒಳವ್ಯಾಸ ಸಾಮಾನ್ಯವಾಗಿ 4ರಿಂದ 6 ಮಿಲಿಮೀಟರ್. ಸ್ಕೂಟರಿನ ಅಗ್ಗದ ಬಿಡಿಭಾಗಗಳಲ್ಲಿ ಒಂದಾದ ಇದು ತಾನಾಗಿ ಕೆಡುವುದು ಅಪರೂಪ. ಯಾವುದೋ ಕೆಲಸಕ್ಕೆ ಸೀಟು, ಸೀಟಿನಡಿಯ ಡಬ್ಬಿ ಬಿಚ್ಚಿ ಮತ್ತೆ ಕೂರಿಸುವಾಗ ಅದರ ಜಾಗ ತಪ್ಪುವುದೇ ಹೆಚ್ಚು. ಜಾಗ ತಪ್ಪಿದರೆ ಗಾಡಿ ದಾರಿಯಲ್ಲಿ ನಿಲ್ಲುತ್ತದೆ, ಪೆಟ್ರೋಲ್ ವಾಸನೆ ಬರುತ್ತದೆ, ಕೆಲವೊಮ್ಮೆ ಬೆಂಕಿಯ ಅಪಾಯವೂ ಉಂಟು.

ಮೈಸೂರು ಜಿಲ್ಲೆಯ ನಂಜನಗೂಡು ಮತ್ತು ತಿ. ನರಸೀಪುರ ಎರಡೂ ರಾಷ್ಟ್ರೀಯ ಹೆದ್ದಾರಿ 766ರ ಮೇಲಿನ ಊರುಗಳು. ಒಂದು ಕಪಿಲೆಯ ದಂಡೆಯಲ್ಲಿದೆ, ಇನ್ನೊಂದು ಕಪಿಲೆ ಕಾವೇರಿಯನ್ನು ಸೇರುವ ಸಂಗಮದಲ್ಲಿ. ಮೈಸೂರಿನಿಂದ ನಂಜನಗೂಡಿಗೆ ಬರುವ ದಾರಿಯಲ್ಲೇ, ಕಡಕೊಳದ ಬಳಿ, ಟಿವಿಎಸ್ ಮೋಟಾರ್ ಕಂಪನಿಯ ದ್ವಿಚಕ್ರ ವಾಹನ ಕಾರ್ಖಾನೆ ಇದೆ. ಈ ಎರಡು ತಾಲ್ಲೂಕುಗಳಲ್ಲಿ ಸ್ಕೂಟರು ಬೇಸಿಗೆಯ ಬಿಸಿಲು, ನದಿಯ ನೆರೆ, ಗದ್ದೆ ಬದಿಯ ಕೆಸರು, ರಸ್ತೆ ಮೇಲಿನ ಒಕ್ಕಣೆ ಎಲ್ಲವನ್ನೂ ಕಾಣುತ್ತದೆ. ವೆಂಟ್ ಪೈಪಿನ ದಾರಿ ಸರಿಯಿದೆಯೇ ಇಲ್ಲವೇ ಎಂಬುದನ್ನು ಈ ನಾಲ್ಕೂ ಪರೀಕ್ಷಿಸುತ್ತವೆ.

ಟ್ಯಾಂಕಿಗೆ ಗಾಳಿ ಏಕೆ ಬೇಕು

ಎಣ್ಣೆ ಡಬ್ಬಕ್ಕೆ ಒಂದೇ ತೂತು ಹೊಡೆದು ಬಗ್ಗಿಸಿದರೆ ಎಣ್ಣೆ ಗುಳುಗುಳು ಎಂದು ತಡೆತಡೆದು ಬೀಳುತ್ತದೆ. ಎದುರು ಬದಿಗೆ ಇನ್ನೊಂದು ತೂತು ಹೊಡೆದ ಕೂಡಲೇ ಧಾರೆಯಾಗುತ್ತದೆ. ಪೆಟ್ರೋಲ್ ಟ್ಯಾಂಕಿನ ಎರಡನೇ ತೂತು ವೆಂಟ್ ಪೈಪು.

ಲೀಟರಿಗೆ 45 ಕಿಲೋಮೀಟರ್ ಕೊಡುವ ಸ್ಕೂಟರು ನಂಜನಗೂಡಿನಿಂದ ಮೈಸೂರು ಮುಟ್ಟುವಷ್ಟರಲ್ಲಿ ಅರ್ಧ ಲೀಟರಿನ ಆಸುಪಾಸು ಪೆಟ್ರೋಲ್ ಕುಡಿದಿರುತ್ತದೆ. ಖಾಲಿಯಾದ ಆ ಜಾಗಕ್ಕೆ ಅಷ್ಟೇ ಗಾಳಿ ಬರಬೇಕು. ಬಾರದಿದ್ದರೆ ಟ್ಯಾಂಕಿನ ಒಳಗಿನ ಒತ್ತಡ ಇಳಿಯುತ್ತದೆ. ಕಾರ್ಬೊರೇಟರ್ ಇರುವ ಸ್ಕೂಟರುಗಳಲ್ಲಿ ಪೆಟ್ರೋಲ್ ತನ್ನ ಭಾರದಿಂದಲೇ ಕೆಳಗಿಳಿಯುತ್ತದೆ, ತಳ್ಳಲು ಪಂಪು ಇರುವುದಿಲ್ಲ. ಟ್ಯಾಂಕಿನ ಪೆಟ್ರೋಲ್ ಮಟ್ಟ ಕಾರ್ಬೊರೇಟರಿಗಿಂತ 20 ಸೆಂಟಿಮೀಟರ್ ಮೇಲಿದೆ ಎಂದುಕೊಳ್ಳಿ. ಅಷ್ಟೆತ್ತರದ ಪೆಟ್ರೋಲ್ ಕೆಳಕ್ಕೆ ಒತ್ತುವ ಬಲ ವಾತಾವರಣದ ಒತ್ತಡದ ಶೇ 1.5ರಷ್ಟು ಮಾತ್ರ. ಹಾಗಾಗಿ ಒಳಗಿನ ಒತ್ತಡ ಶೇ 1.5ರಷ್ಟು ಕುಸಿದರೂ ಸಾಕು, ಟ್ಯಾಂಕಿನಲ್ಲಿ ಪೆಟ್ರೋಲ್ ಇದ್ದೂ ಕೆಳಗಿಳಿಯುವುದಿಲ್ಲ. ಮೆಕ್ಯಾನಿಕ್‌ಗಳು ‘ಏರ್ ಲಾಕ್ ಆಗಿದೆ’ ಎನ್ನುವುದು ಹೆಚ್ಚಾಗಿ ಇದನ್ನೇ.

ಟ್ಯಾಂಕು ತುಂಬಿದ್ದಾಗ ಪೆಟ್ರೋಲಿನ ಮೇಲಿರುವ ಗಾಳಿಯ ಜಾಗ ಕಿರಿದು. ಕಿರಿದಾದ ಜಾಗದಲ್ಲಿ ಒತ್ತಡ ಬೇಗ ಇಳಿಯುತ್ತದೆ. ಪೈಪು ಕಟ್ಟಿಕೊಂಡ ಗಾಡಿ ಫುಲ್ ಟ್ಯಾಂಕ್ ಹಾಕಿಸಿದ ದಿನವೇ ಕೈಕೊಡಬಹುದು, ಅರ್ಧ ಟ್ಯಾಂಕಿನಲ್ಲಿ ಅದೇ ಗಾಡಿ ಇನ್ನಷ್ಟು ದೂರ ಓಡಬಹುದು. ಬಂಕಿನಲ್ಲಿ ಹಾಕಿಸಿದ ಪೆಟ್ರೋಲ್ ಸರಿಯಿಲ್ಲ ಎಂದು ದೂರುವ ಮುನ್ನ ಇದನ್ನು ನೆನಪಿಡುವುದು ಒಳ್ಳೆಯದು.

ಫ್ಯೂಯಲ್ ಇಂಜೆಕ್ಷನ್ ಇರುವ ಈಚಿನ ಸ್ಕೂಟರುಗಳಲ್ಲಿ ಟ್ಯಾಂಕಿನೊಳಗೇ ವಿದ್ಯುತ್ ಪಂಪು ಇರುತ್ತದೆ. ಅದು ಬಲವಾಗಿ ತಳ್ಳುವುದರಿಂದ ಸಣ್ಣ ಪ್ರಮಾಣದ ನಿರ್ವಾತಕ್ಕೆ ಗಾಡಿ ನಿಲ್ಲುವುದಿಲ್ಲ. ಆದರೆ ಪಂಪಿನ ಸದ್ದು ಹೆಚ್ಚುತ್ತದೆ, ಅದರ ಆಯಸ್ಸು ಕುಗ್ಗುತ್ತದೆ, ಮುಚ್ಚಳ ತೆಗೆದರೆ ‘ಹುಸ್’ ಎಂದು ಗಾಳಿ ಒಳಕ್ಕೆ ನುಗ್ಗುತ್ತದೆ.

ಬಿಸಿಲು ಮತ್ತು ಫುಲ್ ಟ್ಯಾಂಕ್

ಪೈಪಿನ ಇನ್ನೊಂದು ಕೆಲಸ ಒಳಗಿನದನ್ನು ಹೊರಬಿಡುವುದು. ಪೆಟ್ರೋಲ್ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಅದರ ಗಾತ್ರ ಸಾವಿರಕ್ಕೆ ಸುಮಾರು ಒಂದು ಪಾಲು ಹಿಗ್ಗುತ್ತದೆ. ಹೋಂಡಾ ಆಕ್ಟಿವಾ 6ಜಿಯ ಟ್ಯಾಂಕಿನ ಅಳತೆ 5.3 ಲೀಟರ್. ಬಂಕಿನ ನೆಲದಡಿಯ ತಂಪು ಟ್ಯಾಂಕಿನಿಂದ ಬಂದ ಪೆಟ್ರೋಲನ್ನು ಅದರ ಕತ್ತಿನವರೆಗೆ ತುಂಬಿಸಿ ಗಾಡಿಯನ್ನು ಬಿಸಿಲಿನಲ್ಲಿ ನಿಲ್ಲಿಸಿದಾಗ ಒಳಗಿನ ಶಾಖ 20 ಡಿಗ್ರಿ ಏರಿದರೆ ಸುಮಾರು 100 ಮಿಲಿಲೀಟರ್ ಹೆಚ್ಚಾಗುತ್ತದೆ. ಅದಕ್ಕೆ ಟ್ಯಾಂಕಿನಲ್ಲಿ ಜಾಗವಿಲ್ಲ, ಹೋಗಲು ಇರುವುದು ವೆಂಟ್ ಪೈಪು ಒಂದೇ.

ಬೇಸಿಗೆಯ ಬಿಸಿಲಿನಲ್ಲಿ ನಡೆಯುವ ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಮರದ ನೆರಳಿಲ್ಲದ ಬಯಲಿನಲ್ಲಿ ಸಾಲುಸಾಲು ಸ್ಕೂಟರುಗಳು ಬೆಳಗಿನಿಂದ ಸಂಜೆವರೆಗೆ ನಿಂತಿರುತ್ತವೆ. ಸುತ್ತೂರು ಜಾತ್ರೆ, ಮೂರು ವರ್ಷಕ್ಕೊಮ್ಮೆ ತಿ. ನರಸೀಪುರದಲ್ಲಿ ಸೇರುವ ಕುಂಭಮೇಳದ ವಾಹನ ನಿಲುಗಡೆಯೂ ಹೀಗೆಯೇ. ಇಂಥ ಕಡೆ ಹೋಗುವಾಗ ಬಂಕಿನ ಪಂಪು ತಾನಾಗಿ ‘ಟಕ್’ ಎಂದು ನಿಂತ ಮೇಲೆ ಇನ್ನೂ ಸ್ವಲ್ಪ ಹಾಕಿ ಎಂದು ಒತ್ತಾಯಿಸಬಾರದು. ಟ್ಯಾಂಕಿನ ಮೇಲ್ಭಾಗದಲ್ಲಿ ಬಿಟ್ಟಿರುವ ಖಾಲಿ ಜಾಗ ಹಿಗ್ಗುವ ಪೆಟ್ರೋಲಿಗೆಂದೇ ಇಟ್ಟದ್ದು.

ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಅದು ಮೇಲೇರದೆ ನೆಲದ ಮೇಲೆ ಹರಡಿಕೊಳ್ಳುತ್ತದೆ. ರಾತ್ರಿ ಕಳ್ಳರ ಭಯಕ್ಕೆ ಸ್ಕೂಟರನ್ನು ಮನೆಯ ಪಡಸಾಲೆಗೋ ಹಜಾರಕ್ಕೋ ತಂದು ನಿಲ್ಲಿಸುವ ಮನೆಗಳಲ್ಲಿ ಈ ಮಾತು ಬಹಳ ಮುಖ್ಯ. ಬಿಸಿಲಿನಲ್ಲಿ ಕಾದ ಗಾಡಿಯನ್ನು ಕೂಡಲೇ ಒಳಗೆ ತಂದು, ಪಕ್ಕದಲ್ಲೇ ದೀಪ ಹಚ್ಚುವುದು, ಊದುಬತ್ತಿ ಉರಿಸುವುದು ಕ್ಷೇಮವಲ್ಲ.

ಮುಚ್ಚಳದ ತೂತಿನಿಂದ ಕ್ಯಾನಿಸ್ಟರ್‌ವರೆಗೆ

ಹಳೆಯ ಬಜಾಜ್ ಚೇತಕ್, ಎಲ್‌ಎಂಎಲ್ ವೆಸ್ಪಾ ಸ್ಕೂಟರುಗಳಲ್ಲಿ, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ಡಿ ಬೈಕುಗಳಲ್ಲಿ ಟ್ಯಾಂಕಿಗೆ ಗಾಳಿ ಬರುತ್ತಿದ್ದುದು ಮುಚ್ಚಳದ ಸಣ್ಣ ತೂತಿನಿಂದ. ಅಲ್ಲಿ ದೂಳು ಕೂತರೆ ಪಿನ್ನು ಚುಚ್ಚಿ ತೆರವು ಮಾಡಿದರೆ ಮುಗಿಯಿತು. ಆದರೆ ಹಗಲಿರುಳು ಅದೇ ತೂತಿನಿಂದ ಪೆಟ್ರೋಲ್ ಆವಿಯಾಗಿ ಹಾರಿಹೋಗುತ್ತಿತ್ತು.

ಭಾರತ್ ಸ್ಟೇಜ್ 4 ನಿಯಮಗಳು 2017ರ ಏಪ್ರಿಲ್ 1ರಿಂದ ದೇಶದಾದ್ಯಂತ ಜಾರಿಯಾದಾಗ ದ್ವಿಚಕ್ರ ವಾಹನಗಳಿಗೆ ಟ್ಯಾಂಕಿನ ಆವಿಯ ಮೇಲೂ ಮಿತಿ ಬಂತು. 2020ರ ಏಪ್ರಿಲ್ 1ರಿಂದ ಬಂದ ಭಾರತ್ ಸ್ಟೇಜ್ 6 ಅದನ್ನು ಇನ್ನಷ್ಟು ಬಿಗಿ ಮಾಡಿತು. ಈ ಮಿತಿಯೊಳಗೆ ಇರಲು ತಯಾರಕರು ಕ್ಯಾನಿಸ್ಟರ್ ಅಳವಡಿಸಿದರು. ಇದು ಅಂಗೈಯಲ್ಲಿ ಹಿಡಿಸುವ ಕಪ್ಪು ಪ್ಲಾಸ್ಟಿಕ್ ಡಬ್ಬಿ; ಒಳಗೆ ಸಂಸ್ಕರಿಸಿದ ಇದ್ದಿಲಿನ ಹರಳುಗಳು. ಗಾಡಿ ನಿಂತಿರುವಾಗ ಟ್ಯಾಂಕಿನ ಆವಿ ವೆಂಟ್ ಪೈಪಿನ ಮೂಲಕ ಇದಕ್ಕೆ ಬರುತ್ತದೆ, ಇದ್ದಿಲು ಅದನ್ನು ಹೀರಿ ಇಟ್ಟುಕೊಳ್ಳುತ್ತದೆ. ಎಂಜಿನ್ ಓಡುವಾಗ ಪರ್ಜ್ ವಾಲ್ವ್ ಎಂಬ ಕವಾಟ ತೆರೆದು, ಹೊರಗಿನ ಗಾಳಿ ಇದ್ದಿಲಿನ ಮೂಲಕ ಹಾಯ್ದು, ಕೂಡಿಟ್ಟ ಆವಿಯನ್ನು ಎಂಜಿನ್ನಿಗೆ ಕೊಂಡೊಯ್ಯುತ್ತದೆ. ಹೊರಗೆ ಪೋಲಾಗುತ್ತಿದ್ದ ಪೆಟ್ರೋಲ್ ಹೀಗೆ ಉರಿದು ಕೆಲಸಕ್ಕೆ ಬರುತ್ತದೆ.

ಟ್ಯಾಂಕಿಗೂ ಕ್ಯಾನಿಸ್ಟರಿಗೂ ನಡುವೆ ಹಲವು ಗಾಡಿಗಳಲ್ಲಿ ರೋಲ್‌ಓವರ್ ವಾಲ್ವ್ ಎಂಬ ಇನ್ನೊಂದು ಪುಟ್ಟ ಭಾಗವಿದೆ. ಗಾಡಿ ಬಿದ್ದು ಮಗ್ಗುಲಾದರೆ ಒಳಗಿನ ಗುಂಡು ಅಥವಾ ಬೆಣೆ ಸರಿದು ದಾರಿ ಮುಚ್ಚುತ್ತದೆ, ಪೆಟ್ರೋಲ್ ಹೊರಗೆ ಸುರಿಯುವುದು ತಪ್ಪುತ್ತದೆ. ಈ ವಾಲ್ವ್ ನೆಟ್ಟಗೆ ನಿಂತಿದ್ದರೆ ಮಾತ್ರ ಕೆಲಸ ಮಾಡುತ್ತದೆ. ಅಡ್ಡಲಾಗಿ ಕಟ್ಟಿದರೆ ಗಾಡಿ ಓಡುವಾಗಲೂ ದಾರಿ ಮುಚ್ಚಿಕೊಂಡೇ ಇರಬಹುದು.

ಯಾವ ಪೈಪು ಯಾವುದು

ಸ್ಕೂಟರಿನ ಅಡಿಗೆ ಟಾರ್ಚ್ ಬಿಟ್ಟು ನೋಡಿದರೆ ಒಂದಕ್ಕಿಂತ ಹೆಚ್ಚು ಕಪ್ಪು ಪೈಪುಗಳ ತುದಿ ಇಳಿಬಿದ್ದಿರುವುದು ಕಾಣುತ್ತದೆ. ಎಲ್ಲದರ ಕೆಲಸವೂ ಬೇರೆ ಬೇರೆ.

ಟ್ಯಾಂಕಿನ ನೆತ್ತಿಯಿಂದ ಅಥವಾ ಮುಚ್ಚಳದ ಕತ್ತಿನ ಪಕ್ಕದಿಂದ ಹೊರಡುವುದು ವೆಂಟ್ ಪೈಪು. ಮುಚ್ಚಳದ ಸುತ್ತ ಇರುವ ಬಟ್ಟಲಿನಂಥ ಜಾಗದಿಂದ ಇಳಿಯುವುದು ಡ್ರೇನ್ ಪೈಪು. ತುಂಬಿಸುವಾಗ ಚೆಲ್ಲಿದ ಪೆಟ್ರೋಲ್ ಮತ್ತು ಮಳೆನೀರು ಹರಿದು ಹೋಗಲು ಇದು ಬೇಕು. ಕಾರ್ಬೊರೇಟರ್ ಇರುವ ಗಾಡಿಗಳಲ್ಲಿ ಅದರ ತಳದಿಂದ ಓವರ್‌ಫ್ಲೋ ಪೈಪು ಇಳಿಯುತ್ತದೆ. ಏರ್ ಫಿಲ್ಟರ್ ಡಬ್ಬಿಯ ತಳದಲ್ಲಿ ನೀರು, ಎಣ್ಣೆ ಸೇರಿಕೊಳ್ಳುವ ಮುಚ್ಚಿದ ತುಂಡು ಪೈಪು ಇರುತ್ತದೆ.

ಗೊಂದಲ ಹುಟ್ಟುವುದು ಇಲ್ಲಿಯೇ. ಏರ್ ಫಿಲ್ಟರಿನ ತುಂಡು ಪೈಪಿಗೆ ಬಿರಡೆ ಇರುತ್ತದೆ, ಇರಬೇಕು. ಅದನ್ನು ಕಂಡವರು ವೆಂಟ್ ಪೈಪಿಗೂ ಬಿರಡೆ ಹಾಕಿದರೆ ಟ್ಯಾಂಕಿನ ಉಸಿರು ಕಟ್ಟುತ್ತದೆ. ಇನ್ನು ಕ್ಯಾನಿಸ್ಟರಿನಲ್ಲಿ ಸಾಮಾನ್ಯವಾಗಿ ಮೂರು ಬಾಯಿಗಳಿವೆ: ಒಂದು ಟ್ಯಾಂಕಿಗೆ, ಒಂದು ಎಂಜಿನ್ನಿಗೆ, ಒಂದು ಹೊರಗಿನ ಗಾಳಿಗೆ. ಟ್ಯಾಂಕಿನ ಪೈಪನ್ನೂ ಎಂಜಿನ್ನಿನ ಪೈಪನ್ನೂ ಅದಲುಬದಲು ಮಾಡಿದರೆ ಆವಿ ಇದ್ದಿಲಿನ ಮೂಲಕ ಹಾಯಬೇಕಾದ ಕ್ರಮ ತಪ್ಪುತ್ತದೆ, ಎಂಜಿನ್ನಿನ ಐಡ್ಲಿಂಗ್ ಏರುಪೇರಾಗುತ್ತದೆ. ಬಿಚ್ಚುವ ಮೊದಲು ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಂಡರೆ ಈ ತೊಂದರೆಯೇ ಇಲ್ಲ.

ಪೈಪು ಹಾಯಿಸುವ ಕ್ರಮ

ವೆಂಟ್ ಪೈಪಿನ ದಾರಿಗೆ ತಯಾರಕರು ಕೊಟ್ಟ ಕೊಕ್ಕೆ, ಕ್ಲಿಪ್ಪುಗಳೇ ಮೊದಲ ಮಾರ್ಗದರ್ಶಿ. ಅವು ಮುರಿದುಹೋಗಿ ಹೊಸ ದಾರಿ ಮಾಡಲೇಬೇಕಾದಾಗ ಈ ಸಂಗತಿಗಳನ್ನು ನೋಡಿಕೊಳ್ಳಬೇಕು. ಕ್ಯಾನಿಸ್ಟರ್ ಇರುವ ಗಾಡಿಯಲ್ಲಿ ಪೈಪಿನ ತುದಿ ಎಂದರೆ ಕ್ಯಾನಿಸ್ಟರಿನ ಹೊರಗಾಳಿಯ ಬಾಯಿಂದ ಇಳಿಯುವ ಪೈಪಿನ ತುದಿ.

*ಮೊದಲು ಮೇಲಕ್ಕೆ, ಆಮೇಲೆ ಕೆಳಕ್ಕೆ.* ಪೈಪು ಟ್ಯಾಂಕಿನ ಅತಿ ಎತ್ತರದ ಜಾಗದಿಂದ ಹೊರಟು, ಆದಷ್ಟೂ ಅದಕ್ಕಿಂತ ಮೇಲೇರಿ ಬಾಗಿ, ಆಮೇಲೆ ಇಳಿಯಬೇಕು. ಹಾಗಿದ್ದರೆ ಗಾಡಿ ಕುಲುಕಿದಾಗ, ತಿರುವಿನಲ್ಲಿ ವಾಲಿದಾಗ, ಸೈಡ್ ಸ್ಟ್ಯಾಂಡಿನಲ್ಲಿ ನಿಂತಾಗ ಪೆಟ್ರೋಲ್ ನೇರವಾಗಿ ಪೈಪಿಗೆ ನುಗ್ಗುವುದಿಲ್ಲ.

*ನಡುವೆ ಜೋಲು ಇರಬಾರದು.* ಇಳಿಯಲು ತೊಡಗಿದ ಪೈಪು ತುದಿಯವರೆಗೂ ಇಳಿಯುತ್ತಲೇ ಹೋಗಬೇಕು. ನಡುವೆ ಜೋತು ಮತ್ತೆ ಏರಿದರೆ ಆ ತಗ್ಗಿನಲ್ಲಿ ತಣಿದ ಆವಿಯೋ ನೀರೋ ನಿಂತು ಗಾಳಿಗೆ ತಡೆಯಾಗುತ್ತದೆ. ಪೈಪು ಉದ್ದವಾಯಿತೆಂದು ಸುರುಳಿ ಸುತ್ತಿ ಇಡುವುದೂ ಇದೇ ತಪ್ಪು. ಕೊಳವೆಯ ದಾರಿಗೆ ತಕ್ಕ ಉದ್ದವೇ ಸರಿ.

*ಕಡಿದಾದ ತಿರುವು ಬೇಡ.* ಒಂದೇ ಜಾಗದಲ್ಲಿ ಮಡಚಿದ ರಬ್ಬರ್ ಪೈಪು ಹೊಸದರಲ್ಲಿ ತೆರೆದೇ ಇರುತ್ತದೆ. ಕೆಲವು ಬೇಸಿಗೆ ಕಳೆದ ಮೇಲೆ ಆ ಮಡಿಕೆ ಚಪ್ಪಟೆಯಾಗಿ ಹಾಗೆಯೇ ಗಟ್ಟಿಯಾಗುತ್ತದೆ. ತಿರುವು ಅಗಲವಾಗಿರಲಿ. ಜಾಗ ಇಕ್ಕಟ್ಟಾಗಿದ್ದರೆ ಎಲ್ ಆಕಾರದಲ್ಲಿ ಅಚ್ಚು ಹಾಕಿದ ಪೈಪೇ ಬೇಕು.

*ಶಾಖದಿಂದ ದೂರ.* ಪೆಟ್ರೋಲ್ ಆವಿ ಕಿಡಿಯಿಲ್ಲದೆ ತಾನಾಗಿ ಹೊತ್ತಿಕೊಳ್ಳಲು 250 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಶಾಖ ಬೇಕು. ಸೈಲೆನ್ಸರ್ ಎಂಜಿನ್ನಿಗೆ ಸೇರುವ ಕಡೆಯ ಮೊದಲ ಗೇಣುದ್ದ ಅಷ್ಟು ಕಾಯಬಲ್ಲದು. ಕಿಡಿ ಸಿಕ್ಕರಂತೂ ಅಷ್ಟು ಶಾಖವೂ ಬೇಡ. ಆದ್ದರಿಂದ ಪೈಪಿನ ತುದಿ ಸೈಲೆನ್ಸರಿನ ಮೇಲೆ, ಸ್ಪಾರ್ಕ್ ಪ್ಲಗ್ಗಿನ ಬಳಿ, ಇಗ್ನಿಷನ್ ಕಾಯಿಲಿನ ಪಕ್ಕ, ಬ್ಯಾಟರಿ ಪೆಟ್ಟಿಗೆಯೊಳಗೆ ಮುಗಿಯಕೂಡದು. ನಮ್ಮ ಸ್ಕೂಟರುಗಳಲ್ಲಿ ಸೈಲೆನ್ಸರ್ ಸಾಮಾನ್ಯವಾಗಿ ಬಲಕ್ಕಿರುವುದರಿಂದ ತುದಿಯನ್ನು ಅದರ ಎದುರು ಬದಿಗೆ ಇಳಿಸುವುದು ವಾಡಿಕೆ.

*ಟೈರು, ಬ್ರೇಕಿನ ಮೇಲೆ ತೊಟ್ಟಿಕ್ಕಬಾರದು.* ಉಕ್ಕಿದ ಪೆಟ್ರೋಲ್ ಟೈರಿನ ಮೇಲೆ ಬಿದ್ದರೆ ಹಿಡಿತ ತಪ್ಪುತ್ತದೆ, ಡ್ರಮ್ಮಿನೊಳಗೆ ಹೋದರೆ ಬ್ರೇಕ್ ಜಾರುತ್ತದೆ. ತುದಿ ಎಲ್ಲಕ್ಕಿಂತ ಕೆಳಗೆ, ನೆಲ ಕಾಣುವಂತೆ ತೆರೆದ ಜಾಗದಲ್ಲಿರಬೇಕು.

*ಎಂಜಿನ್ನಿಗೆ ಕಟ್ಟಬಾರದು.* ಬೈಕಿನ ಹಾಗೆ ಸ್ಕೂಟರಿನ ಎಂಜಿನ್ ಫ್ರೇಮಿಗೆ ಬಿಗಿದು ಕೂತಿರುವುದಿಲ್ಲ. ಹಿಂದಿನ ಚಕ್ರ ಹಳ್ಳಕ್ಕೆ ಬಿದ್ದಾಗಲೆಲ್ಲ ಚಕ್ರದೊಡನೆ ತಾನೂ ಮೇಲೆ ಕೆಳಗೆ ಆಡುತ್ತದೆ. ಟ್ಯಾಂಕು ಮಾತ್ರ ಫ್ರೇಮಿಗೆ ಸೇರಿದ್ದು. ವೆಂಟ್ ಪೈಪಿಗೆ ಟ್ಯಾಗ್ ಹಾಕಿ ಎಂಜಿನ್ ಕಡೆಗೆ ಬಿಗಿದರೆ ಪ್ರತಿ ಹಳ್ಳಕ್ಕೂ ಪೈಪು ಎಳೆದು ಕೊನೆಗೊಂದು ದಿನ ಟ್ಯಾಂಕಿನ ಮೂತಿಯಿಂದ ಕಳಚುತ್ತದೆ. ಎಂಜಿನ್ನಿಗೇ ಹೋಗಬೇಕಾದ ಪೈಪುಗಳಿಗೆ ಆಡಲು ಸಾಕಷ್ಟು ಸಡಿಲ ಬಿಟ್ಟಿರುತ್ತಾರೆ. ಆ ಸಡಿಲವನ್ನು ಅಂದಕ್ಕೆಂದು ಬಿಗಿಯಬಾರದು.

*ತುದಿ ಓರೆಯಾಗಿರಲಿ.* ನೇರವಾಗಿ ಕತ್ತರಿಸಿದ ತುದಿಗೆ ಒಂದು ಹನಿ ನೀರು, ಒಂದು ಚಿಟಿಕೆ ಕೆಸರು ಅಂಟಿದರೂ ಬಾಯಿ ಮುಚ್ಚುತ್ತದೆ. 45 ಡಿಗ್ರಿ ಓರೆಯಾಗಿ ಕತ್ತರಿಸಿದರೆ ಬಾಯಿ ಅಗಲವಾಗುತ್ತದೆ, ಹನಿ ನಿಲ್ಲದೆ ಜಾರುತ್ತದೆ.

ಸೀಟಿನಡಿಯ ಡಬ್ಬಿ ಕೂರಿಸುವಾಗ

ಪೈಪು ಸಿಕ್ಕಿಬೀಳುವ ಮುಖ್ಯ ಜಾಗ ಸೀಟಿನಡಿಯ ಡಬ್ಬಿ. ಹೆಲ್ಮೆಟ್ ಇಡುವ ಈ ಪ್ಲಾಸ್ಟಿಕ್ ಡಬ್ಬಿಯನ್ನು ಎತ್ತದೆ ಹಲವು ಗಾಡಿಗಳಲ್ಲಿ ಸ್ಪಾರ್ಕ್ ಪ್ಲಗ್, ಕಾರ್ಬೊರೇಟರ್ ಯಾವುದೂ ಸುಲಭವಾಗಿ ಕೈಗೆ ಸಿಗುವುದಿಲ್ಲ. ಬೋಲ್ಟ್ ಬಿಚ್ಚಿ ಡಬ್ಬಿಯನ್ನು ಸೀಟಿನ ಸಮೇತ ಮೇಲೆತ್ತಿದರೆ, ಹಿಂಬದಿಯಲ್ಲಿ ಟ್ಯಾಂಕಿನ ನೆತ್ತಿ, ಅದರ ಮೂತಿಗೆ ಸಿಕ್ಕಿಸಿದ ವೆಂಟ್ ಪೈಪು, ಅದು ಫ್ರೇಮಿನ ಕೊಳವೆಯ ಪಕ್ಕದಲ್ಲಿ ಇಳಿದು ಹೋಗುವುದು ಕಾಣುತ್ತದೆ.

ಕೆಲಸ ಮುಗಿಸಿ ಡಬ್ಬಿಯನ್ನು ಹಿಂದಕ್ಕೆ ಇಳಿಸುವಾಗ ಪೈಪು ಒಂದೆರಡು ಅಂಗುಲ ಸರಿದು ಫ್ರೇಮಿನ ನೆತ್ತಿಗೆ ಬಂದಿದ್ದರೆ ಡಬ್ಬಿಯ ಅಂಚು ಅದರ ಮೇಲೆ ಕೂರುತ್ತದೆ. ಮೊದಲ ಬೋಲ್ಟು ಸಲೀಸಾಗಿ ಹಿಡಿಯುತ್ತದೆ. ಅದರ ಎದುರಿನ ಬೋಲ್ಟಿನ ತೂತು ಮಾತ್ರ ಒಂದು ಕೂದಲೆಳೆಯಷ್ಟು ಹೊಂದುವುದಿಲ್ಲ. ಅನುಭವಿ ಮೆಕ್ಯಾನಿಕ್ ಇದನ್ನು ಕಂಡೊಡನೆ ಡಬ್ಬಿ ಎತ್ತಿ ಅಡಿಯಲ್ಲಿ ಏನು ಸಿಕ್ಕಿಕೊಂಡಿದೆ ಎಂದು ನೋಡುತ್ತಾರೆ. ಅವಸರದವರು ಡಬ್ಬಿಯನ್ನು ಒತ್ತಿ ಹಿಡಿದು ಬೋಲ್ಟ್ ಬಿಗಿದುಬಿಡುತ್ತಾರೆ. ಅಲ್ಲಿಗೆ ಪೈಪು ಚಪ್ಪಟೆ. ಗ್ಯಾರೇಜಿನ ಮುಂದೆ ಒಂದು ಸುತ್ತು ಓಡಿಸಿ ನೋಡಿದಾಗ ಗಾಡಿ ಸರಿಯಾಗಿಯೇ ಇರುತ್ತದೆ. ಕೆಲವು ಕಿಲೋಮೀಟರ್ ಆದ ಮೇಲೆ ಬಿಕ್ಕಿ ಬಿಕ್ಕಿ ನಿಲ್ಲುತ್ತದೆ.

ಟ್ಯಾಂಕಿನ ಮೂತಿಯಲ್ಲಿ ಪೈಪನ್ನು ಹಿಡಿದಿಡುವ ತಂತಿಯ ಕ್ಲಿಪ್ಪನ್ನೂ ಇದೇ ಹೊತ್ತಿಗೆ ನೋಡಬೇಕು. ಅದು ಮೂತಿಯ ಉಬ್ಬಿನ ಹಿಂದೆ ಕೂತಿರಬೇಕು. ಕ್ಲಿಪ್ಪು ಕಳೆದುಹೋಯಿತೆಂದು ತಾಮ್ರದ ತಂತಿ ಸುತ್ತಿ ಇಕ್ಕಳದಲ್ಲಿ ತಿರುಚಿದರೆ ತಂತಿ ರಬ್ಬರನ್ನು ಕೊಯ್ಯುತ್ತದೆ.

ಕಾಲಡಿಯಲ್ಲಿ ಟ್ಯಾಂಕ್ ಇದ್ದರೆ

2021ರಲ್ಲಿ ಬಂದ ಟಿವಿಎಸ್ ಜುಪಿಟರ್ 125ರಲ್ಲಿ 5.1 ಲೀಟರಿನ ಟ್ಯಾಂಕು ಸೀಟಿನಡಿಯಲ್ಲಿಲ್ಲ, ಕಾಲಿಡುವ ಹಲಗೆಯ ಕೆಳಗಿದೆ. ಪೆಟ್ರೋಲ್ ಹಾಕುವ ಬಾಯಿ ಮುಂದೆ, ಹ್ಯಾಂಡಲ್ಲಿನ ಕೆಳಗಿನ ಭಾಗದಲ್ಲಿ. 2024ರ ಹೊಸ ಜುಪಿಟರ್ 110ರಲ್ಲೂ ಇದೇ ಏರ್ಪಾಡು. ಸೀಟಿನಡಿ ಜಾಗ ಹೆಚ್ಚಿತು, ಗಾಡಿಯ ಭಾರ ಕೆಳಗಿಳಿಯಿತು.

ಇಂಥ ಗಾಡಿಯಲ್ಲಿ ಟ್ಯಾಂಕೇ ತಗ್ಗಿನಲ್ಲಿದೆ. ಪೈಪು ಅಲ್ಲಿಂದ ನೇರ ಕೆಳಗಿಳಿದರೆ ಗಾಡಿ ವಾಲಿದಾಗಲೆಲ್ಲ ಪೆಟ್ರೋಲ್ ಹೊರಬೀಳುತ್ತದೆ. ಆದ್ದರಿಂದ ಗಾಳಿಯ ದಾರಿ ಮೊದಲು ಟ್ಯಾಂಕಿನ ಎತ್ತರ ಮೀರಿ ಮೇಲೇರಲೇಬೇಕು. ಹಲಗೆಯ ಕೆಳಗೆ ಕ್ರ್ಯಾಶ್ ಗಾರ್ಡ್ ಬಿಗಿಸುವವರು, ಹಲಗೆ ತೆಗೆದು ಹಾರ್ನು, ಅಲಾರಂ, ಹೆಚ್ಚುವರಿ ದೀಪದ ವೈರು ಎಳೆಸುವವರು ಈ ಪೈಪುಗಳ ಮೇಲೆ ವೈರಿನ ಕಟ್ಟನ್ನು ಬಿಗಿದು ಕಟ್ಟದಂತೆ ನೋಡಿಕೊಳ್ಳಬೇಕು. ವಿದ್ಯುತ್ತಿನ ವೈರೂ ಪೆಟ್ರೋಲ್ ಆವಿಯ ಪೈಪೂ ಒಂದೇ ಕಟ್ಟಿನಲ್ಲಿ ಇರಬಾರದು.

ನೆರೆ, ಕೆಸರು, ಒಕ್ಕಣೆ

ಕಪಿಲೆ ತುಂಬಿದಾಗ ನಂಜನಗೂಡಿನ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗುತ್ತದೆ. 2019ರ ಆಗಸ್ಟ್‌ನಲ್ಲಿ ಮಲ್ಲನಮೂಲೆ ಬಳಿ ಹೆದ್ದಾರಿಯ ಮೇಲೇ ನೀರು ಹರಿದು ಮೈಸೂರು–ನಂಜನಗೂಡು ಸಂಚಾರ ನಿಂತಿತ್ತು. ಇಂಥ ಹೊತ್ತಿನಲ್ಲಿ ಬಿಸಿಯಾದ ಸ್ಕೂಟರನ್ನು ಮೊಣಕಾಲುದ್ದದ ನೀರಿಗೆ ಇಳಿಸಿ ನಿಲ್ಲಿಸಿದರೆ, ಟ್ಯಾಂಕಿನ ಆವಿ ತಣಿದು ಕುಗ್ಗುತ್ತದೆ, ವೆಂಟ್ ಪೈಪು ಒಳಕ್ಕೆ ಎಳೆಯತೊಡಗುತ್ತದೆ. ತುದಿ ನೀರಿನಲ್ಲಿ ಮುಳುಗಿದ್ದರೆ ಅದು ಎಳೆಯುವುದು ನೀರನ್ನೇ. ನೀರಿನಲ್ಲಿ ನಿಂತಿದ್ದ ಗಾಡಿಯನ್ನು ಸ್ಟಾರ್ಟ್ ಮಾಡುವ ಮುನ್ನ ಪೈಪು, ಕ್ಯಾನಿಸ್ಟರ್ ಎರಡನ್ನೂ ತೋರಿಸುವುದು ಜಾಣತನ. ಇದ್ದಿಲು ನೀರು ಕುಡಿದಿದ್ದರೆ ಕ್ಯಾನಿಸ್ಟರ್ ಬದಲಿಸಬೇಕಾಗುತ್ತದೆ.

ತಿ. ನರಸೀಪುರದ ಕಡೆ ಗದ್ದೆಯ ಬದುಗಳಲ್ಲಿ ಓಡಾಡುವ ಗಾಡಿಗಳಿಗೆ ಕೆಸರಿನ ಕಾಟ. ನಾಟಿ ಕಾಲದಲ್ಲಿ ಹಿಂದಿನ ಚಕ್ರ ಎರಚುವ ಕೆಸರು ಪೈಪಿನ ಬಾಯಿಗೆ ಮೆತ್ತಿ, ಬಿಸಿಲಿಗೆ ಒಣಗಿ ಬಿರಡೆಯಾಗುತ್ತದೆ. ಮಣ್ಣಿನ ಗೂಡು ಕಟ್ಟುವ ಕಣಜಗಳಿಗೂ ಇಂಥ ಸಣ್ಣ ಕೊಳವೆಯ ಬಾಯಿ ಅಚ್ಚುಮೆಚ್ಚು. ತಿಂಗಳುಗಟ್ಟಲೆ ನಿಂತ ಗಾಡಿಗಳಲ್ಲಿ ಇದನ್ನು ಮರೆಯದೆ ನೋಡಬೇಕು. ಭತ್ತದ ಮೂಟೆಗಳ ಪಕ್ಕದಲ್ಲಿ ಗಾಡಿ ನಿಲ್ಲಿಸುವ ಮನೆಗಳಲ್ಲಿ ಇಲಿ, ಹೆಗ್ಗಣ ರಬ್ಬರನ್ನು ಕಡಿಯುವುದೂ ಉಂಟು.

ಎಲ್ಲಕ್ಕಿಂತ ಹೆಚ್ಚಿನ ಅಪಾಯ ರಸ್ತೆ ಮೇಲಿನ ಒಕ್ಕಣೆ. ಹುರುಳಿ, ರಾಗಿ ಕೊಯ್ಲಾದ ಮೇಲೆ ಹಳ್ಳಿಗಳ ಡಾಂಬರು ರಸ್ತೆಯಲ್ಲಿ ಫಸಲು ಹರಡಿ, ಓಡಾಡುವ ವಾಹನಗಳ ಚಕ್ರಕ್ಕೇ ತುಳಿಸುವ ರೂಢಿ ಈ ಭಾಗದಲ್ಲಿದೆ. ಒಣಗಿದ ಹುರುಳಿ ಬಳ್ಳಿ ಗಾಡಿಯ ಅಡಿಗೆ ಸುತ್ತಿಕೊಳ್ಳುತ್ತದೆ, ಸೈಲೆನ್ಸರಿಗೆ ತಾಗಿ ಹೊಗೆಯಾಡುತ್ತದೆ. ಅದೇ ಬಳ್ಳಿ ಜೋತಾಡುವ ಪೈಪಿಗೆ ಸಿಕ್ಕಿಕೊಂಡು ಅದನ್ನು ಮೂತಿಯಿಂದ ಕಿತ್ತರೆ, ಹೊಗೆಯಾಡುವ ಹುಲ್ಲೂ ಪೆಟ್ರೋಲ್ ಆವಿಯೂ ಒಂದೆಡೆ ಸೇರುತ್ತವೆ. ಒಕ್ಕಣೆ ದಾಟಿದ ಮೇಲೆ ಗಾಡಿ ನಿಲ್ಲಿಸಿ, ಎಂಜಿನ್ ಆರಿಸಿ, ಅಡಿಗೆ ಸುತ್ತಿದ ಹುಲ್ಲನ್ನು ತೆಗೆದೇ ಮುಂದೆ ಹೋಗಬೇಕು.

ಎಥೆನಾಲ್ ಮತ್ತು ರಬ್ಬರ್

ಶೇ 20 ಎಥೆನಾಲ್ ಬೆರೆತ ಇ20 ಪೆಟ್ರೋಲಿನ ಮಾರಾಟಕ್ಕೆ ಚಾಲನೆ ಸಿಕ್ಕಿದ್ದು 2023ರ ಫೆಬ್ರುವರಿ 6ರಂದು, ಬೆಂಗಳೂರಿನಲ್ಲಿ. ಈಗ ಬಂಕುಗಳಲ್ಲಿ ಸಿಗುವುದು ಹೆಚ್ಚಾಗಿ ಇದೇ. ಕಬ್ಬಿನಿಂದ ಎಥೆನಾಲ್ ತಯಾರಾಗುವುದನ್ನು ಈ ಭಾಗದವರು ದೂರ ಹೋಗಿ ನೋಡಬೇಕಿಲ್ಲ. ನಂಜನಗೂಡು ತಾಲ್ಲೂಕಿನ ಅಳಗಂಚಿಯ ಬಣ್ಣಾರಿ ಅಮ್ಮನ್ ಸಕ್ಕರೆ ಕಾರ್ಖಾನೆಗೆ ಡಿಸ್ಟಿಲರಿಯೂ ಇದೆ.

ಎಥೆನಾಲ್ ಕೆಲವು ಬಗೆಯ ರಬ್ಬರನ್ನು ಉಬ್ಬಿಸುತ್ತದೆ, ಅದರ ಮೆದುತನ ಹೀರಿ ಬಿರುಕು ಬಿಡಿಸುತ್ತದೆ. ಇ20ಗೆ ಒಗ್ಗುವ ಗಾಡಿಗಳಲ್ಲಿ ಇದನ್ನು ತಡೆಯುವ ರಬ್ಬರ್ ಬಳಸಿರುತ್ತಾರೆ. ಹಳೆಯ ಗಾಡಿಗಳಲ್ಲಿ ಪೈಪನ್ನು ಬೆರಳಿನಿಂದ ಬಾಗಿಸಿ ನೋಡಿ: ಬಾಗಿದ ಕಡೆ ಜೇಡನ ಬಲೆಯಂಥ ಬಿರುಕು ಕಂಡರೆ, ಒತ್ತಿದಾಗ ಮೆತ್ತಗಾಗಿ ಅಂಟಂಟಾದರೆ ಬದಲಿಸುವ ಕಾಲ ಬಂದಿದೆ. ಬದಲಿಸುವಾಗ ಪೆಟ್ರೋಲಿಗೆಂದೇ ಮಾಡಿದ ಪೈಪು ಬೇಕು. ಅಕ್ವೇರಿಯಂ ಪೈಪು, ಆಸ್ಪತ್ರೆಯ ಡ್ರಿಪ್ ಪೈಪು, ಮಟ್ಟ ನೋಡುವ ಗಾರೆ ಕೆಲಸದ ಪಾರದರ್ಶಕ ಪೈಪು ಇವೆಲ್ಲ ಪೆಟ್ರೋಲಿಗೆ ಸೆಟೆದು ಗಟ್ಟಿಯಾಗಿ ಕಳಚಿಕೊಳ್ಳುತ್ತವೆ.

ಎಥೆನಾಲಿಗೆ ನೀರನ್ನು ಸೆಳೆಯುವ ಗುಣವೂ ಇದೆ. ವೆಂಟ್ ಪೈಪಿನಿಂದ ಅಥವಾ ಕಟ್ಟಿಕೊಂಡ ಡ್ರೇನ್ ಬಟ್ಟಲಿನಿಂದ ನೀರು ಟ್ಯಾಂಕಿಗೆ ಇಳಿದರೆ ಸ್ವಲ್ಪವನ್ನು ಅದು ಕರಗಿಸಿಕೊಳ್ಳುತ್ತದೆ. ಮಿತಿ ದಾಟಿದರೆ ನೀರೂ ಎಥೆನಾಲೂ ಒಟ್ಟಾಗಿ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಪಂಪು ಎಳೆಯುವುದು ತಳದಿಂದಲೇ.

ತೊಂದರೆ ಗುರುತಿಸುವುದು

ವೆಂಟ್ ಪೈಪು ಕಟ್ಟಿದ ಕಾರ್ಬೊರೇಟರ್ ಗಾಡಿಯ ಲಕ್ಷಣ ಸ್ಪಷ್ಟ. ಕೆಲವು ಕಿಲೋಮೀಟರ್ ಚೆನ್ನಾಗಿ ಓಡಿ, ಎಕ್ಸಲರೇಟರ್ ಕೊಟ್ಟರೂ ಎಳೆಯದೆ, ಪೆಟ್ರೋಲ್ ಮುಗಿದಂತೆ ನಿಲ್ಲುತ್ತದೆ. ಹತ್ತು ನಿಮಿಷ ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುತ್ತದೆ, ಮತ್ತೆ ಅಷ್ಟೇ ದೂರಕ್ಕೆ ನಿಲ್ಲುತ್ತದೆ. ನಿಂತಾಗ ಟ್ಯಾಂಕಿನ ಮುಚ್ಚಳ ತೆಗೆಯಿರಿ. ‘ಹುಸ್’ ಸದ್ದಾಗಿ, ಕೂಡಲೇ ಗಾಡಿ ಸರಿಹೋದರೆ ದೋಷ ಗಾಳಿಯ ದಾರಿಯದ್ದು. ಮುಚ್ಚಳ ತೆಗೆದರೂ ಬದಲಾಗದಿದ್ದರೆ ಪೆಟ್ರೋಲ್ ಕಾಕ್, ಫಿಲ್ಟರ್, ಪ್ಲಗ್ ಕಡೆಗೆ ನೋಡಬೇಕು. ಈ ಪರೀಕ್ಷೆಯನ್ನು ಬೀಡಿ, ಸಿಗರೇಟಿನಿಂದ ದೂರ, ತೆರೆದ ಜಾಗದಲ್ಲಿ ಮಾಡಬೇಕು.

ಫುಲ್ ಟ್ಯಾಂಕ್ ಹಾಕಿಸಿದ ಮರುದಿನ ಮಾತ್ರ ವಾಸನೆ ಬಂದರೆ ಹೆಚ್ಚು ತುಂಬಿಸಿದ್ದೇ ಕಾರಣವಿರಬಹುದು. ಯಾವಾಗಲೂ ವಾಸನೆ ಬರುತ್ತಿದ್ದರೆ ಪೈಪು ಕಳಚಿದೆ, ಬಿರುಕು ಬಿಟ್ಟಿದೆ ಅಥವಾ ಕ್ಯಾನಿಸ್ಟರ್ ಪೆಟ್ರೋಲ್ ಕುಡಿದು ಹಾಳಾಗಿದೆ. ಕ್ಯಾನಿಸ್ಟರ್ ಇರುವುದು ಆವಿಗಾಗಿ. ದ್ರವ ಪೆಟ್ರೋಲ್ ಹೋದರೆ ಇದ್ದಿಲು ತೊಯ್ದು ಹೀರುವ ಗುಣ ಕಳೆದುಕೊಳ್ಳುತ್ತದೆ.

ಪೈಪು ತೆರೆದಿದೆಯೇ ಎಂದು ಬಾಯಿಂದ ಊದಿ ನೋಡುವುದು ಹಳೆಯ ಅಭ್ಯಾಸ. ಪೆಟ್ರೋಲ್ ಆವಿ ಶ್ವಾಸಕೋಶಕ್ಕೆ ವಿಷ, ಅದನ್ನು ಬಿಡಬೇಕು. ಎರಡೂ ತುದಿ ಬಿಚ್ಚಿ ಸೈಕಲ್ ಪಂಪಿನಿಂದ ಗಾಳಿ ಹಾಯಿಸಿ ನೋಡಿದರೆ ಸಾಕು. ಪೈಪು ಟ್ಯಾಂಕಿಗೋ ಕ್ಯಾನಿಸ್ಟರಿಗೋ ಸೇರಿರುವಾಗಲೇ ಪಂಚರ್ ಅಂಗಡಿಯ ಕಂಪ್ರೆಸರ್ ಗಾಳಿ ಬಿಟ್ಟರೆ ವಾಲ್ವೂ ಇದ್ದಿಲಿನ ಪದರವೂ ಹಾಳಾಗುತ್ತವೆ.

ಮಾಡಬಾರದ ಮೂರು ಕೆಲಸ

ವಾಸನೆ ಬರುತ್ತದೆ ಎಂದು ಪೈಪಿನ ತುದಿಗೆ ಬೋಲ್ಟ್ ತುರುಕಬಾರದು. ಮೈಲೇಜ್ ಹೆಚ್ಚುತ್ತದೆ ಎಂಬ ಮಾತು ನಂಬಿ ಕ್ಯಾನಿಸ್ಟರ್ ಕಿತ್ತುಹಾಕಬಾರದು. ಅದು ಎಂಜಿನ್ನಿನ ಬಲ ಕದಿಯುವುದಿಲ್ಲ, ಪೋಲಾಗುವ ಆವಿಯನ್ನು ಎಂಜಿನ್ನಿಗೇ ಮರಳಿಸುತ್ತದೆ. ಗಾಡಿ ನಿಲ್ಲುತ್ತದೆ ಎಂದು ಮುಚ್ಚಳಕ್ಕೆ ಹೊಸ ತೂತು ಕೊರೆಯಬಾರದು; ಆ ತೂತಿನಿಂದ ಮಳೆನೀರು ಇಳಿಯುತ್ತದೆ, ಗಾಡಿ ಬಿದ್ದ ದಿನ ಪೆಟ್ರೋಲ್ ಸುರಿಯುತ್ತದೆ. ಈ ಮೂರರ ಹಿಂದೆಯೂ ಬಹುಪಾಲು ಇರುವುದು ಸರಿಯಾದ ಜಾಗದಲ್ಲಿ ಕೂರದ ಒಂದು ಪೈಪು.

ಸರ್ವಿಸ್ ಮಾಡಿಸಿ ಗಾಡಿ ಪಡೆಯುವಾಗ ಆಯಿಲ್ ಬದಲಿಸಿದರೇ, ಬ್ರೇಕ್ ನೋಡಿದರೇ ಎಂದು ಕೇಳುವ ಜೊತೆಗೆ ‘ಟ್ಯಾಂಕಿನ ಏರ್ ಪೈಪು ಡಬ್ಬಿಯಡಿ ಸಿಕ್ಕಿಲ್ಲ ತಾನೆ?’ ಎಂದೂ ಕೇಳಿ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಒಕ್ಕಣೆ ಕಾಲ ಮುಗಿದ ಮೇಲೆ ಒಮ್ಮೆ ಪೈಪಿನ ತುದಿಯನ್ನು ಟಾರ್ಚ್ ಬಿಟ್ಟು ನೋಡಿ. ಬಿರುಕು ಬಿಟ್ಟಿದ್ದರೆ ಪೆಟ್ರೋಲಿಗೆ ಒಗ್ಗುವ ಹೊಸ ಪೈಪು ಹಾಕಿಸಿ, ಕಂಪನಿ ಕೊಟ್ಟ ಕ್ಲಿಪ್ಪಿನೊಳಗೇ ಹಾಯಿಸಲು ಹೇಳಿ.